ಆಲಮೇಲಕ್ಕೆ ಹೋದ ರಾಣಿ

ಅಂಗಡಿಯವನು ಚಿಲ್ಲರೆ ಕೊಟ್ಟರೆ ಅದನ್ನು ಕಟ್ಟೆಯ ಕಲ್ಲಿನ ಮೇಲೆ ಒಂದು ಸಲ ಬಡಿದು, ಸಪ್ಪಳ ಕೇಳಿ, ಆಮೇಲೆ ಸೆರಗಿನ ಗಂಟಿಗೆ ಹಾಕುವ ಚಟ ನನಗಿದೆ. ಈ ಚಟದಿಂದ ಇಲ್ಲಿಯವರೆಗೆ ಒಂದು ಖೋಟಾ ರೂಪಾಯಿಯೂ ಸಿಕ್ಕಿಲ್ಲ. ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಿದೆ, ಅಷ್ಟೆ. ಹೋದ ಸಂತೆಯ ದಿನ ಬಾಗೇವಾಡಿಯ ಕಿರಾಣಿ ಅಂಗಡಿಯವನು ನನ್ನನ್ನು ನೋಡಿ ನಕ್ಕುಬಿಟ್ಟ.

"ಯಮ್ಮಾ, ಈಗ ಖೋಟಾ ರೂಪಾಯಿ ಯಾರ ಮಾಡ್ತಾರ? ಅದನ್ನ ಮಾಡಾಕ ರೂಪಾಯಿಗಿಂತ ಹೆಚ್ಚಿಗಿ ಖರ್ಚ ಬರ್ತೈತಿ. ಬಡಿಯೂದಿದ್ರ ನೋಟ ಬಡದ ನೋಡ."

"ನೋಟಿಗಿ ಬಾಯಿ ಎಲ್ಲೈತೊ?" ಎಂದೆ.

ಈಗಿನ ರೂಪಾಯಿಗೂ ಬಾಯಿ ಇಲ್ಲ ಅನ್ನಿ. ಅಂಗಿಯ ಗುಂಡಿಯಷ್ಟು ಇರುತ್ತದೆ. ಬಿದ್ದರೆ ಟಿಣ್ ಎಂದು ಒಮ್ಮೆ ಕೂಗಿ ಸುಮ್ಮನಾಗುತ್ತದೆ. ಅದಕ್ಕೆ ಸೊಕ್ಕಿಲ್ಲ. ನಮ್ಮ ಕಾಲದ ಬೆಳ್ಳಿಯ ರೂಪಾಯಿ ಹಾಗಲ್ಲ, ಖಣ್ ಎಂದರೆ ಆಚೆ ಮನೆಯವರು ಏನು ಬಿತ್ತೆಂದು ಹೊರಗೆ ಬರುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಒಂದು ಬೆಳ್ಳಿಯ ರೂಪಾಯಿ ಇತ್ತು, ಅದು ಖಣ್ ಅನ್ನುತ್ತಿರಲಿಲ್ಲ. ಅದು ಅನ್ನಲಿಲ್ಲವೆಂದು ನಮ್ಮ ಮನೆಯ ಒಲೆ ಎರಡಾಯಿತು, ನಡುವೆ ಗೋಡೆ ಎದ್ದಿತು, ಒಬ್ಬ ಗಂಡಸು ಸಾಯುವ ತನಕ ಬೇವಿನ ಗಿಡದ ಕೆಳಗೆ ನಿಂತ. ನನ್ನ ಚಟ ಹತ್ತಿದ್ದು ಅಲ್ಲಿಂದ.

ಆ ರೂಪಾಯಿಯ ಕೆಲಸ ಏನೆಂದು ಹೇಳಿದರೆ ಈಗಿನ ಸೊಸೆಯಂದಿರು ಬಾಯಿಗೆ ಸೆರಗು ಹಿಡಿಯುತ್ತಾರೆ. ಅದು ಹೊಕ್ಕಳಿನ ರೂಪಾಯಿ. ಹುಟ್ಟಿದ ಕೂಸು ಅತ್ತು ಅತ್ತು ಹೊಕ್ಕಳ ಹೊರಗೆ ಉಬ್ಬಿಕೊಂಡರೆ, ಅದಕ್ಕೆ ಔಡಲೆಣ್ಣೆ ಹಚ್ಚಿ, ಮೇಲೆ ರೂಪಾಯಿ ಇಟ್ಟು, ಹಳೆಯ ಧೋತರದ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಿದ್ದರು. ಕೆಲವು ದಿನಕ್ಕೆ ಹೊಕ್ಕಳ ಒಳಗೆ ಹೋಗುತ್ತಿತ್ತು. ಮೊನ್ನೆ ನನ್ನ ಮೊಮ್ಮಗಳು ಕೂಸಿಗೆ ಹಾಗೆ ಕಟ್ಟಲು ಹೋಗಿ ಹೆಣ್ಣು ಡಾಕ್ಟರ್ ಕೈಯಲ್ಲಿ ಬೈಸಿಕೊಂಡು ಬಂದಳು. ಅದು ತಾನಾಗಿಯೇ ಒಳಗೆ ಹೋಗುತ್ತದಂತೆ. ಇರಬಹುದು. ನಮ್ಮ ಮನೆಯ ಕೂಸುಗಳದೂ ತಾನಾಗಿಯೇ ಹೋಗಿರಬೇಕು, ಹೆಸರು ಮಾತ್ರ ರೂಪಾಯಿಗೆ ಬಂತು. ಹೆಸರು ಯಾರಿಗೆ ಬರುತ್ತದೆ, ಯಾರಿಗೆ ಹೋಗುತ್ತದೆ ಎಂಬುದಕ್ಕೆ ಲೆಕ್ಕವೆಲ್ಲಿದೆ.

ನನ್ನ ತವರು ಇಂಡಿ ಹತ್ತಿರದ ಸಾಲೋಟಗಿ. ಅಲ್ಲಿಂದ ಮದುವೆಯಾಗಿ ಈ ಇಂಗಳೇಶ್ವರಕ್ಕೆ ಬಂದಾಗ ಆ ರೂಪಾಯಿ ದೀಪದ ಗೂಡಿನಲ್ಲಿ ಒಂದು ಅರಿವೆಯ ಗಂಟಿನೊಳಗೆ ಇತ್ತು. ನನ್ನ ಅತ್ತೆಯ ಅತ್ತೆಯ ಕಾಲದಿಂದ ಇದ್ದದ್ದು. ಎಷ್ಟು ಕೂಸುಗಳ ಹೊಟ್ಟೆಯ ಎಣ್ಣೆ ಕುಡಿದಿತ್ತೋ, ರೊಟ್ಟಿಯ ಹಂಚಿನ ತಳದ ಹಾಗೆ ಕಪ್ಪಾಗಿತ್ತು. ಅದನ್ನು ಯಾರೂ ತೊಳೆಯುತ್ತಿರಲಿಲ್ಲ. ತೊಳೆದರೆ ಗುಣ ಹೋಗುತ್ತದೆ ಎಂದು ಅತ್ತೆಯ ನಂಬಿಕೆ. ಕಣ್ಣು ಮುಚ್ಚಿ ಮೂಸಿದರೂ ಔಡಲೆಣ್ಣೆಯ ವಾಸನೆಯಿಂದ ಅದೇ ಎಂದು ಗೊತ್ತಾಗುತ್ತಿತ್ತು. ಮನೆಯಲ್ಲಿ ಎಲ್ಲರೂ ಅದಕ್ಕೆ 'ರಾಣಿ' ಎನ್ನುತ್ತಿದ್ದರು. ಆಗ ಬೆಳ್ಳಿಯ ಹಳೆಯ ರೂಪಾಯಿ ಯಾವುದಿದ್ದರೂ ರಾಣಿ ರೂಪಾಯಿಯೇ. ರಾಣಿಯ ಮುಖ ಕಂಡವರು ಮನೆಯಲ್ಲಿ ಒಬ್ಬರೂ ಇರಲಿಲ್ಲ. ಬೆರಳಾಡಿಸಿದರೆ ಒಂದು ತಲೆ ಕೈಗೆ ಹತ್ತುತ್ತಿತ್ತು. ತಲೆ ಇದ್ದ ಮೇಲೆ ರಾಣಿಯದೇ ಇರಬೇಕಲ್ಲ!

ನನ್ನ ನೆಗೆಣ್ಣಿ ಗೌರಕ್ಕ, ಅಂದರೆ ನನ್ನ ಭಾವನ ಹೆಂಡತಿ, ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಳು. ಅವಳ ತವರು ಭೀಮಾ ಹೊಳೆಯ ಕಡೆಯ ಆಲಮೇಲ. ಕೂಸಿನ ಹೊಕ್ಕಳ ಉಬ್ಬಿದೆ ಎಂದು ಅಲ್ಲಿಂದ ಹೇಳಿ ಕಳಿಸಿದರು. ಅತ್ತೆ ಭಾವನ ಕೈಯಲ್ಲಿ ರೂಪಾಯಿ ಕಳಿಸಿಕೊಟ್ಟಳು. ಹೊಳೆ ದಾಟುವಾಗ ಜೋಕೆ, ಕಿಸೆಯಲ್ಲಿ ಇಡಬೇಡ, ಉಡಿದಾರಕ್ಕೆ ಕಟ್ಟಿಕೋ ಎಂದು ಸಾರಿ ಸಾರಿ ಹೇಳಿದಳು. ಆಲಮೇಲಕ್ಕೆ ಹೋಗಲು ಭೀಮಾ ಹೊಳೆ ದಾಟಬೇಕಿಲ್ಲ ಎಂದು ಅವಳಿಗೆ ಯಾರು ಹೇಳಬೇಕು.

ತಿಂಗಳುಗಳಾದ ಮೇಲೆ ಗೌರಕ್ಕ ಕೂಸನ್ನು ಕಟ್ಟಿಕೊಂಡು ಬಂದಳು. ಆರತಿ ಆಯಿತು. ಕೂಸಿನ ಹೊಟ್ಟೆ ನೋಡಿ ಎಲ್ಲರೂ ಚಲೋ ಆಗಿದೆ ಎಂದರು. ಅತ್ತೆ ಕೈ ಚಾಚಿದಳು.

"ರಾಣಿ ಎಲ್ಲಿ?"

ಗೌರಕ್ಕ ಅರಿಷಿಣದ ಅರಿವೆಯ ಗಂಟು ಬಿಚ್ಚಿ ಕೊಟ್ಟಳು. ಥಳ್ ಎಂದು ಹೊಳೆಯಿತು. ಅತ್ತೆ ಮೂಸಿ ನೋಡಿದಳು, ವಾಸನೆ ಇಲ್ಲ. ಬಾಗಿಲ ಬೆಳಕಿಗೆ ಒಯ್ದು ಕಣ್ಣಿಗೆ ಹತ್ತಿರ ಹಿಡಿದಳು.

"ಇಂವ ಯಾಂವ?"

ನಾವೂ ಬಗ್ಗಿ ನೋಡಿದೆವು. ಗಂಡಸು. ಕಿರೀಟವಿಲ್ಲ, ತುರುಬಿಲ್ಲ, ಹಣೆಯ ಕೂದಲು ಹಿಂದಕ್ಕೆ ಸರಿದಿದೆ, ಕೆನ್ನೆ ಉಬ್ಬಿದೆ. ನಮ್ಮೂರ ಕಂದಾಯ ವಸೂಲಿಯ ತಲಾಟಿ ಹೊಟ್ಟೆ ತುಂಬ ಉಂಡು ಕುಳಿತ ಹಾಗಿದ್ದ.

"ಅತ್ತಿ, ಇದು ಅದ ರೂಪಾಯಿರಿ," ಎಂದಳು ಗೌರಕ್ಕ. "ನಮ್ಮವ್ವ ಹುಣಸಿಹಣ್ಣು ಬೂದಿ ಹಚ್ಚಿ ಬೆಳಗಿ ಕೊಟ್ಟಾಳ್ರಿ. ಎರವಲ ತಂದದ್ದನ್ನ ಬೆಳಗದ ಕೊಡಬಾರದು ಅಂದಳ್ರಿ."

"ಬೆಳಗಿದ್ರ ಹೊಲಸ ಹೋಗ್ತೈತಿ. ಹೆಂಗಸ ಹೋಗಿ ಗಂಡಸ ಆಗ್ತೈತೇನ?"

ಗೌರಕ್ಕನೂ ರಾಣಿ ಎಂದೇ ತಿಳಿದಿದ್ದವಳು. ನಾನಾಗ ಮನೆಗೆ ಹೊಸಬಳು, ಬಾಯಿ ಬಿಡುವ ಹಕ್ಕು ಬಂದಿರಲಿಲ್ಲ. ಆಮೇಲೆ ಬಂತು, ಈಗ ಮುಚ್ಚುವುದು ಹೇಗೆಂದು ತಿಳಿಯುವುದಿಲ್ಲ.

ಅತ್ತೆ ರೂಪಾಯಿಯನ್ನು ನಮ್ಮೂರ ಪತ್ತಾರನ ಹತ್ತಿರ ಒಯ್ದಳು, ಚಿನ್ನ ಬೆಳ್ಳಿಯ ಕೆಲಸದವನು ಅವನು. ಅವನು ಅದನ್ನು ತನ್ನ ಅಡಿಗಲ್ಲಿನ ಮೇಲೆ ಬಿಟ್ಟ. ಬದ್ ಎಂದಿತು, ಹಸಿ ನೆಲದ ಮೇಲೆ ಸೆಗಣಿ ಬಿದ್ದಂತೆ. ಮತ್ತೊಮ್ಮೆ ಬಿಟ್ಟ. ಬದ್.

"ಬೆಳ್ಳಿ ಇದ್ದಂಗ ಕಾಣ್ತೈತಿ. ಆದ್ರ ಸಪ್ಪಳ ಬರವಲ್ದು. ಖರೇನೋ ಖೋಟಾನೋ, ನನಗ ಹೇಳಾಕ ಬರೂದಿಲ್ಲ ಯವ್ವಾ," ಎಂದ.

ಹೇಳಾಕ ಬರೂದಿಲ್ಲ ಎಂದದ್ದು ನಮ್ಮ ಓಣಿ ಮುಟ್ಟುವ ಹೊತ್ತಿಗೆ ಖೋಟಾ ಎಂದಾಗಿತ್ತು. ಆಲಮೇಲದವರು ರಾಣಿಯನ್ನು ಇಟ್ಟುಕೊಂಡು ಖೋಟಾ ಬೋಳನನ್ನು ಕಳಿಸಿದರು ಎಂದಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಅತ್ತೆ ಸೊಸೆಗೆ ಅನ್ನುವುದು, ಸೊಸೆ ಅತ್ತು ಮೂಗು ಒರೆಸಿಕೊಳ್ಳುವುದು ಎಲ್ಲ ಮನೆಯಲ್ಲಿಯೂ ಇದ್ದದ್ದೇ. ಆದರೆ ಆ ವರ್ಷ ನಾಗರ ಪಂಚಮಿಗೆ ಗೌರಕ್ಕನ ಅಣ್ಣ ತಂಗಿಯನ್ನು ಕರೆದೊಯ್ಯಲು ಬಂದ. ನಮ್ಮ ಕಡೆ ಪಂಚಮಿಗೆ ಅಣ್ಣ ಕರೆಯಲು ಬಾರದ ಹೆಣ್ಣು ಹೆಣ್ಣೇ ಅಲ್ಲ. ಪಡಸಾಲೆಯಲ್ಲಿ ಕಂಬಳಿ ಹಾಸಿ ಕೂಡಿಸಿದೆವು. ನಾನೇ ತಂಬಿಗೆಯಲ್ಲಿ ನೀರು ತಂದು ಕೊಟ್ಟೆ. ಅವನು ಬಿಸಿಲಲ್ಲಿ ಬಂದವನು, ತಂಬಿಗೆ ಎತ್ತಿ ಬಾಯಿಗೆ ಹಿಡಿದಿದ್ದ.

"ತಂಬಿಗಿ ನೋಡಿ ಕುಡೀಪಾ," ಎಂದಳು ಅತ್ತೆ. "ಹಿತ್ತಾಳಿದು ಐತಿ. ನಿಮ್ಮ ಕೈಯಾಗ ಮಣ್ಣಿಂದ ಆದೀತು."

ಅವನು ತಂಬಿಗೆ ಕೆಳಗಿಟ್ಟ. ಒಂದು ಹನಿಯೂ ಕುಡಿದಿರಲಿಲ್ಲ. ಎದ್ದು ಹೊರಟುಹೋದ, ಅಗಸಿಯ ತನಕ. ಅಗಸಿ ಎಂದರೆ ನಮ್ಮ ಊರ ಬಾಗಿಲು, ಅಲ್ಲೊಂದು ದೊಡ್ಡ ಬೇವಿನ ಗಿಡವಿದೆ. ಅದರ ಕೆಳಗೆ ನಿಂತು ತಂಗಿಗೆ ಹೇಳಿ ಕಳಿಸಿದ. ಅಂದಿನಿಂದ ಪ್ರತಿ ಪಂಚಮಿಗೂ ಬಂದ, ಒಂದು ವರ್ಷವೂ ತಪ್ಪಿಸಲಿಲ್ಲ. ಆದರೆ ಅಗಸಿ ದಾಟಲಿಲ್ಲ. ಗೌರಕ್ಕ ತಾನೇ ಗಂಟು ಹೊತ್ತುಕೊಂಡು ನಡೆದು ಹೋಗುತ್ತಿದ್ದಳು. ಅವಳ ಗಂಡನೂ ತಾಯಿಗೆ ಎದುರಾಡಿ ಒಲೆ ಬೇರೆ ಮಾಡಿದ. ಗೋಡೆ ಕಟ್ಟಿಸಿದ. ಗಂಡಸರು ಗೋಡೆ ಕಟ್ಟಿದರು, ನಾವಿಬ್ಬರು ಅದರ ಮೇಲಿಂದಲೇ ಮಜ್ಜಿಗೆ ದಾಟಿಸಿಕೊಂಡು ಸಂಸಾರ ಮಾಡಿದೆವು.

ಅತ್ತೆ ಆ ರೂಪಾಯಿಯನ್ನು ಬಿಸಾಡಲೂ ಇಲ್ಲ, ಮತ್ತೆ ಒಂದು ಕೂಸಿಗೆ ಕಟ್ಟಲೂ ಇಲ್ಲ. ಸಾಕ್ಷಿಗೆ ಇರಲಿ ಎಂದು ದೀಪದ ಗೂಡಿನಲ್ಲಿಟ್ಟಳು. ಅಲ್ಲಿ ದೀಪದ ಮಸಿ ಕುಡಿಯುತ್ತ ಅದು ಮತ್ತೆ ಕಪ್ಪಾಯಿತು. ಮನೆಯಲ್ಲಿ ಏನು ಕಳೆದರೂ ಅವಳು, "ಆಲಮೇಲಕ್ಕ ಹೋತು" ಎನ್ನತೊಡಗಿದಳು. ಸೂಜಿ ಸಿಗದಿದ್ದರೆ ಆಲಮೇಲಕ್ಕ ಹೋತು. ಎಮ್ಮೆ ಹಾಲು ಕಡಿಮೆ ಕೊಟ್ಟರೆ ಹಾಲು ಆಲಮೇಲಕ್ಕ ಹೋತು. ಆ ಮಾತು ಮಕ್ಕಳ ಬಾಯಿಗೆ ಬಿತ್ತು, ಮಕ್ಕಳಿಂದ ಓಣಿಗೆ ಹೋಯಿತು. ಊರಿಗೆ ಕರೆಂಟ್ ಬಂದ ಮೇಲೆ ದಿನಾ ಸಂಜೆ ದೀಪ ಆರಿದೊಡನೆ ಓಣಿಯ ಹುಡುಗರೆಲ್ಲ ಕೂಡಿ "ಕರೆಂಟ್ ಆಲಮೇಲಕ್ಕ ಹೋತೂ" ಎಂದು ಕೂಗುತ್ತಿದ್ದರು. ಯಾಕೆ ಹಾಗೆ ಅನ್ನುತ್ತೇವೆಂದು ಅವಕ್ಕೆ ಗೊತ್ತಿರಲಿಲ್ಲ. ಗೋಡೆಯ ಆಚೆ ಗೌರಕ್ಕ ಚಿಮಣಿ ಹಚ್ಚುತ್ತಿದ್ದಳು. ಅವಳ ಕಡ್ಡಿಪೆಟ್ಟಿಗೆಯ ಸಪ್ಪಳ ನನಗೆ ಕೇಳುತ್ತಿತ್ತು. ಅವಳು ಮಾತ್ರ ಯಾವತ್ತೂ "ಕಳೀತು" ಎಂದೇ ಅನ್ನುತ್ತಿದ್ದಳು.

ಕಾಲ ಯಾರನ್ನೂ ಕೇಳುವುದಿಲ್ಲ. ಅತ್ತೆ ಹೋದಳು. ನಮ್ಮಿಬ್ಬರ ಗಂಡಂದಿರೂ ಹೋದರು. ಆಲಮೇಲದ ಅಣ್ಣನೂ ಹೋದ. ಅವನ ಮಗ ಶಿವಪುತ್ರ ಪಂಚಮಿಗೆ ಬರಲು ಶುರು ಮಾಡಿದ. ಅವನೂ ಅಗಸಿಯಲ್ಲೇ ನಿಲ್ಲುತ್ತಿದ್ದ, ಅಪ್ಪ ನಿಂತ ಗಿಡದ ಕೆಳಗೆ.

ಆಮೇಲೆ ನಮ್ಮ ಊರಿಗೆ ಎಸ್‌ಟಿಡಿ ಬೂತು ಬಂದ ಕಾಲಕ್ಕೆ ಒಂದು ಹುಚ್ಚು ಎದ್ದಿತು. ಕಂಪನಿ ಸರಕಾರದ ಹಳೆಯ ರೂಪಾಯಿ ಇದ್ದವರಿಗೆ ಹೊರಗಿನವರು ಬಂದು ಕೇಳಿದ್ದು ಕೊಡುತ್ತಾರೆ ಎಂಬ ಹುಚ್ಚು. ಇಂಡಿಯಲ್ಲಿ ಒಬ್ಬ ಅಂಥ ರೂಪಾಯಿ ಕೊಟ್ಟು ಜೀಪು ತಂದನಂತೆ. ಸಿಂದಗಿಯವರು ಅವನು ನಮ್ಮ ಊರವನು ಎನ್ನುತ್ತಿದ್ದರು. ಜೀಪು ಕಂಡವರು ಎರಡೂ ಊರಲ್ಲಿ ಸಿಗಲಿಲ್ಲ. ನನ್ನ ಮಗ ಮಲ್ಲಪ್ಪ ಒಂದು ದಿನ ಬಸ್ಸಿಳಿದು ಓಡುತ್ತ ಬಂದ.

"ಅವ್ವಾ, ಬೋಳ್ಯಾ ಎಲ್ಲಿ ಅದಾನ?"

"ಯಾವ ಬೋಳ್ಯಾ?"

"ಗೂಡಿನಾಗಿನ ಬೋಳ್ಯಾ!"

ಖರೆ ರೂಪಾಯಿ ಇದ್ದರೆ ಅಕ್ಕಿಯ ಕಾಳನ್ನು ತನ್ನ ಕಡೆಗೆ ಎಳೆಯುತ್ತದೆ ಎಂದು ಅವನಿಗೆ ಯಾರೋ ಹೇಳಿದ್ದರು. ಮನೆಯಲ್ಲಿ ಅಕ್ಕಿ ಮುಗಿದಿತ್ತು. ಜೋಳ ಇಟ್ಟ. ಅಂಗಳದಲ್ಲಿ ಹೊಟ್ಟೆ ಅಡಿಯಾಗಿ ಮಲಗಿ ಕಣ್ಣು ಮಿಟುಕಿಸದೆ ನೋಡಿದ. ಮೀಸೆ ನರೆತ ಗಂಡಸು, ಮಾವನಾದವನು! ಜೋಳದ ಕಾಳು ಒಂದು ಹೋಯಿತು ನಿಜ. ಗುಬ್ಬಿ ಒಯ್ದಿತು.

"ಎದ್ದೇಳೋ, ನೋಡಿದವರು ಹಲ್ಲಿ ಬಿದ್ದೈತಿ ಅಂದಾರು," ಎಂದೆ. "ತಿಳದವರ ಕಡೆ ಹೋಗೂಣ ನಡಿ. ನಾನೂ ಬರ್ತೇನಿ."

"ನೀ ಯಾಕ ಅವ್ವಾ? ಬಸ್ಸಿನಾಗ ನಿಂದ್ರಬೇಕಾಗ್ತೈತಿ."

"ನಿಂದ್ರತೇನಿ."

ನನಗೆ ಜೀಪು ಬೇಕಿರಲಿಲ್ಲ. ಬಸ್ಸು ಹತ್ತಿದರೇ ನನಗೆ ವಾಂತಿ. ಖರೆ ಇದ್ದರೆ ಖರೆ, ಖೋಟಾ ಇದ್ದರೆ ಖೋಟಾ, ಅದನ್ನು ಒಮ್ಮೆ ಯಾರಾದರೂ ಬಾಯಿಬಿಟ್ಟು ಹೇಳುವುದನ್ನು ಕೇಳಬೇಕಿತ್ತು. ಗೌರಕ್ಕನ ತವರವರು ಕಳ್ಳರೋ ಅಲ್ಲವೋ ಎಂಬುದು ಆ ಒಂದು ತುಂಡು ಬೆಳ್ಳಿಯೊಳಗಿತ್ತು. ಅವಳೂ ನಾನೂ ಸತ್ತ ಮೇಲೆ ತಿಳಿದು ಯಾರಿಗೇನು ಬಂತು?

ಬಾಗೇವಾಡಿಗೆ ಬಂದು ಮುದ್ದೇಬಿಹಾಳದ ಬಸ್ಸು ಹಿಡಿದೆವು. ಅಲ್ಲಿ ಒಬ್ಬರು ವಯಸ್ಸಾದ ವಕೀಲರಿದ್ದರು, ಹಳೆಯ ನಾಣ್ಯ ಕೂಡಿಸುವ ಹವ್ಯಾಸದವರು. ತಾವು ಕೊಳ್ಳುವುದಿಲ್ಲ, ಮಾರುವುದಿಲ್ಲ, ನೋಡಿ ಹೇಳುತ್ತೇನೆ ಅಷ್ಟೇ ಎಂದು ಮೊದಲೇ ಹೇಳಿಬಿಟ್ಟರು. ಮಲ್ಲಪ್ಪನ ಮುಖ ಅಲ್ಲೇ ಅರ್ಧ ಇಳಿಯಿತು. ಅವರು ರೂಪಾಯಿಯನ್ನು ಸಣ್ಣ ತಕ್ಕಡಿಯಲ್ಲಿ ತೂಗಿದರು. ಕಣ್ಣಿಗೆ ಭೂತಗನ್ನಡಿ ಹಿಡಿದು ಅಂಚು ತಿರುಗಿಸಿ ತಿರುಗಿಸಿ ನೋಡಿದರು. ಕೆಲಸದವಳು ಚಹಾ ತಂದಿಟ್ಟಳು, ಅದು ಕೆನೆಗಟ್ಟಿತು. ನಾನು ಗೋಡೆಗೆ ಒರಗಿ ಕುಳಿತಿದ್ದೆ. ಪತ್ತಾರನ ಅಡಿಗಲ್ಲಿನ ಬದ್ ಎಂಬ ಸಪ್ಪಳ ಕಿವಿಯಲ್ಲೇ ಇತ್ತು.

"ಖರೇ ಅದ," ಎಂದರು.

"ಏನಂದ್ರಿ?"

"ಖರೇ ರೂಪಾಯಿ ಅದ, ಅವ್ವಾರ. ಕಂಪನಿ ಸರಕಾರದ್ದು. ಎರಕ ಹೊಯ್ದ ಖೋಟಾ ಇತ್ತಂದ್ರ ಅಂಚಿನಾಗ ಒಂದು ಕೂಡುಗೆರಿ ಇರ್ತದ, ಮೈಮ್ಯಾಲೆ ಸಣ್ಣ ಸಣ್ಣ ಗುಳಿ ಬಿದ್ದಿರ್ತಾವ. ಇದರಾಗ ಅವು ಯಾವೂ ಇಲ್ಲ."

"ರಾಣಿ ಯಾಕ ಇಲ್ರಿ ಮತ್ತ?"

"ರಾಣಿಗಿಂತ ಮೊದಲ ಒಬ್ಬ ದೊರಿ ಇದ್ದ. ಇಂವ ಆ ದೊರಿ. ಇಂವ ಹೋದ ಮ್ಯಾಲೆ ಆಕಿ ಬಂದಳು."

ನಮ್ಮ ಮನೆಯಲ್ಲಿ ರಾಣಿ ಇರಲೇ ಇಲ್ಲ. ಮೂರು ತಲೆಮಾರು ಒಬ್ಬ ಬೋಳನಿಗೆ ರಾಣಿ ಎಂದು ಕೂಸುಗಳ ಹೊಟ್ಟೆಗೆ ಕಟ್ಟಿದ್ದೆವು.

"ಹಂಗಾದ್ರ ಖಣ್ ಅನ್ನವಲ್ದು ಯಾಕ್ರಿ?"

"ಇಲ್ಲಿ ನೋಡ್ರಿ. ದೊರಿ ತಲಿ ಮ್ಯಾಲ ಒಂದು ತೂತು ಇತ್ತು. ಹಿಂದಕ ಯಾರೋ ಕೊರಳಾಗ ಕಟ್ಟಿಕೊಂಡಾರ, ಆಮ್ಯಾಲೆ ಬೆಸಿಗಿ ಹಾಕಿ ಮುಚ್ಚಿಸ್ಯಾರ. ಬೆಸಿಗಿ ಬಿದ್ದ ರೂಪಾಯಿ ಒಡಕ ಗಡಿಗಿ ಇದ್ದಂಗ, ಸಪ್ಪಳ ಹೊಂಡೂದಿಲ್ಲ." ಮತ್ತೆ ಮಲ್ಲಪ್ಪನ ಕಡೆ ತಿರುಗಿದರು. "ತೂತು ಮುಚ್ಚಿದ್ದಕ್ಕ ಇದರ ಕಿಮ್ಮತ್ತು ಹೋತು. ಅದರ ಮ್ಯಾಲೆ ಹಿಂದ ಯಾರೋ ಬೂದಿ ಹಾಕಿ ಗಸಗಸ ತಿಕ್ಕ್ಯಾರ. ಈ ಮಸಿ ಕೆಳಗ ಎಲ್ಲಾ ಗೀರು ಅದಾವ. ಇನ್ನ ಮುಂದರೆ ತಿಕ್ಕಬ್ಯಾಡ್ರಿ."

ಆಲಮೇಲದ ಮುದುಕಿಯ ಕೈ ಅದು. ಗೌರಕ್ಕನ ತಾಯಿ. ಅವಳು ಬೂದಿ ಹಚ್ಚಿ ತಿಕ್ಕಿದ್ದು ಅದರ ಮೈಮೇಲೆಯೇ ಕುಳಿತಿತ್ತು, ಯಾರೂ ನೋಡಿರಲಿಲ್ಲ. ಕದ್ದವಳು ಖರೆ ಇಟ್ಟುಕೊಂಡು ಖರೆಯನ್ನೇ ತಿರುಗಿ ಕೊಡುತ್ತಾಳೆಯೇ? ಅಂಥ ಕಳ್ಳಿ ಯಾವ ಊರಲ್ಲಿದ್ದಾಳೆ?

ತಿರುಗಿ ಬರುವಾಗ ಬಸ್ಸಿನಲ್ಲಿ ಮಲ್ಲಪ್ಪ, "ಜೀಪ್ ಆಲಮೇಲಕ್ಕ ಹೋತು," ಎಂದ. ಅವನ ಕೈಗೆ ಒಂದು ಏಟು ಹಾಕಿದೆ. ಅಜ್ಜನಾಗಲು ಬಂದವನು, ಯಾಕೆ ಹೊಡೆದೆ ಎಂದು ಸಣ್ಣ ಹುಡುಗನ ಹಾಗೆ ನನ್ನ ಮುಖ ನೋಡಿದ.

ಮನೆಗೆ ಬಂದವಳು ಕಾಲು ತೊಳೆಯದೆ ಗೋಡೆಯ ಆಚೆ ಹೋದೆ. ಗೌರಕ್ಕ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಣ್ಣು ಮಂಜಾಗಿವೆ, ಬೆರಳಿನಿಂದಲೇ ಹರಳು ಹುಡುಕುತ್ತಾಳೆ.

"ಅಕ್ಕಾ, ರೂಪಾಯಿ ಖರೇ ಐತಂತ. ಮುದ್ದೇಬಿಹಾಳದ ವಕೀಲ್ರು ನೋಡಿ ಹೇಳಿದ್ರು."

ಅವಳು ಕೈ ನಿಲ್ಲಿಸಲಿಲ್ಲ.

"ಯಾರಿಗಿ ಹೇಳಾಕ ಬಂದಿ? ನಾ ಯಾವತ್ತರ ಖೋಟಾ ಅಂದಿದ್ನೇನ?"

ದಾರಿಯುದ್ದಕ್ಕೂ ಏನೇನೋ ಎಣಿಸಿಕೊಂಡು ಬಂದಿದ್ದೆ. ಅಳುತ್ತಾಳೆ ಎಂದುಕೊಂಡಿದ್ದೆ, ಇಲ್ಲವೇ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಇದು ಸುದ್ದಿಯೇ ಅಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಖರೇ ಆದ್ರ ನಮ್ಮಣ್ಣ ಈಗ ಅಗಸಿ ದಾಟಿ ಬರ್ತಾನೇನ ಸಂಗವ್ವ?" ಎಂದಳು. ಆಮೇಲೆ ಕೈ ಚಾಚಿದಳು. "ಎಲ್ಲಿ, ತಾ ಇಲ್ಲಿ."

ಕೊಟ್ಟೆ. ಬೆರಳಾಡಿಸಿದಳು. ಬೆರಳಿಗೆ ಮಸಿ ಹತ್ತಿತು.

"ಏನ ಹೊಲಸ ಮಾಡಿ ಇಟ್ಟೀರಿ ಇದನ್ನ!"

ಎದ್ದು ಹೋಗಿ ಒಂದು ಹುಣಸೆಹಣ್ಣಿನ ಉಂಡೆ, ಒಲೆಯ ಬೂದಿ ತಂದು ಬಚ್ಚಲ ಕಲ್ಲಿನ ಹತ್ತಿರ ಕುಕ್ಕರಿಸಿದಳು. ಗೋಡೆಯ ಮೇಲಿಂದ ಮಲ್ಲಪ್ಪನ ತಲೆ ಕಾಣಿಸಿತು.

"ದೊಡ್ಡವ್ವಾ, ತಿಕ್ಕಬ್ಯಾಡಾ! ವಕೀಲ್ರು ಬ್ಯಾಡ ಅಂದಾರ! ಇದ್ದ ಕಿಮ್ಮತ್ತೂ ಹೋಗ್ತೈತಿ!"

"ಸುಮ್ಮನ ಕೂಡೋ ನೀ," ಎಂದೆ ನಾನು. "ಹೋಗಲಿ."

ಗಸಗಸ ತಿಕ್ಕಿದಳು. ನೀರು ಹಾಕಿ ತೊಳೆದು ಸೆರಗಿನಿಂದ ಒರೆಸಿದಳು. ಬೋಳ ದೊರೆ ಎದ್ದು ಕುಳಿತ, ಅದೇ ಉಬ್ಬು ಕೆನ್ನೆ. ಅವನಿಗೆ ಮಾತ್ರ ವಯಸ್ಸಾಗಿರಲಿಲ್ಲ. ನನ್ನ ಅಂಗೈಯಲ್ಲಿ ಇಟ್ಟಳು.

"ತಗೋ. ನಿಮ್ಮ ವಸ್ತು ನಿಮಗ. ಬೆಳಗಿ ಕೊಟ್ಟೇನಿ."

ಆ ಸಲದ ಪಂಚಮಿಗೆ ಶಿವಪುತ್ರ ಬಂದಿದ್ದಾನೆ ಎಂದು ಹುಡುಗರು ಹೇಳಿದಾಗ ಗೌರಕ್ಕ ಗಂಟು ಕಟ್ಟುತ್ತಿದ್ದಳು. ತಡೆ ಎಂದು ಹೇಳಿ ನಾನೇ ಅಗಸಿಗೆ ನಡೆದೆ. ಕಾಲು ನೋಯುತ್ತಿತ್ತು, ದಾರಿ ಇಳಿಜಾರು. ಅ‌ವನು ಬೇವಿನ ಗಿಡಕ್ಕೆ ಒರಗಿ ಬೀಡಿ ಸೇದುತ್ತಿದ್ದ. ನನ್ನನ್ನು ಕಂಡು ಬೀಡಿ ಬಿಸಾಡಿದ.

"ನಡಿಯೋ ಮನಿಗಿ," ಎಂದೆ. "ರೂಪಾಯಿ ಖರೇ ಐತಿ ಅಂತ ಗೊತ್ತಾತು. ನಮ್ಮದ ತಪ್ಪು."

"ಯಾವ ರೂಪಾಯಿರಿ ಸಣ್ಣತ್ತಿ?"

ನಾನು ಅವನ ಮುಖ ನೋಡಿದೆ. ಸುಳ್ಳು ಹೇಳುವ ಮುಖವಲ್ಲ.

"ಮತ್ತ ಇಷ್ಟ ವರ್ಸ ಇಲ್ಲಿ ಯಾಕ ನಿಂದ್ರತಿದ್ದಿ?"

"ಗೊತ್ತಿಲ್ರಿ. ನಮ್ಮಪ್ಪ ಇಲ್ಲೇ ನಿಂದ್ರತಿದ್ದ, ನಾನೂ ನಿಂದ್ರತೇನಿ. ರೂಢಿ ಆಗೇತಿ. ನೆಳ್ಳ ಚಲೋ ಐತಿ ಇಲ್ಲಿ."

ಅವನ ಅಪ್ಪ ಆ ಮಾತನ್ನು ಮಗನಿಗೂ ಹೇಳದೆ ಸತ್ತಿದ್ದ. ಅವನ ರಟ್ಟೆ ಹಿಡಿದು ಕರೆದುಕೊಂಡು ಬಂದೆ. ಹಿಡಿದದ್ದು ಅವನನ್ನು ಕರೆತರಲೋ ನನಗೆ ಆಸರೆಗೋ, ಏರು ಹತ್ತುವಾಗ ಅದನ್ನು ಯಾರು ನೋಡುತ್ತಾರೆ.

ನಮ್ಮ ಪಡಸಾಲೆಯಲ್ಲಿಯೇ ಕೂಡಿಸಿದೆ. ಗೌರಕ್ಕ ಗೋಡೆ ಬಳಸಿ ಬಂದು ಬಾಗಿಲಲ್ಲಿ ನಿಂತಳು. ಒಳಗೆ ಹೋಗಿ ಅದೇ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದು ಅವನ ಕೈಗೆ ಕೊಟ್ಟೆ. ಶೇಂಗಾದ ಉಂಡೆ ತರಲು ತಿರುಗಿದೆ. ಅವನು ಗಟಗಟ ಎಂದು ಒಂದೇ ಉಸಿರಿಗೆ ಕುಡಿದು ತಂಬಿಗೆ ಬೋರಲು ಮಾಡಿದ.

"ನೀರ ಚಲೋ ಅದಾವ್ರಿ. ಇನ್ನೊಂದ ತಂಬಿಗಿ ಕೊಡ್ರಿ."

ಗೌರಕ್ಕ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಕಣ್ಣು ಅವನ ಮೇಲಿರಲಿಲ್ಲ, ತಂಬಿಗೆಯ ಮೇಲಿತ್ತು.

"ಕೊಡು ಸಂಗವ್ವ," ಎಂದಳು. "ಅವರಪ್ಪನ ಪಾಲಿಂದೂ ಕುಡೀಲಿ."